ನ್ಯೂಯಾರ್ಕ್ 1972: ಲೆಕ್ಕ ಮೀರಿದ ಸ್ಟಾರ್ ಟ್ರೆಕ್ ಸಮ್ಮೇಳನ

ಜನವರಿ 21, 2025, ಮಂಗಳವಾರ

1972ರ ಜನವರಿ 21ರಂದು, ಶುಕ್ರವಾರ, ನ್ಯೂಯಾರ್ಕಿನ ಸ್ಟಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ಅಮೆರಿಕದ ವೈಜ್ಞಾನಿಕ ಕಥೆಯ ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್'ನ ಅಭಿಮಾನಿಗಳ ಮೂರು ದಿನಗಳ ಸಮ್ಮೇಳನ ಶುರುವಾಯಿತು. ಇದೇ ಮೊದಲನೆಯದು ಎಂದು ಅನೇಕರು ಬರೆಯುತ್ತಾರೆ. ಆದರೆ ಅದಕ್ಕೂ ಮುಂಚೆ, 1969ರ ಮಾರ್ಚ್ 1ರಂದು, ನ್ಯೂಜೆರ್ಸಿಯ ನೆವಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಶೆರ್ನಾ ಕಾಮರ್‌ಫರ್ಡ್ ಒಂದು ಕೂಟ ನಡೆಸಿದ್ದರು. ಸುಮಾರು 300 ಜನ ಸೇರಿದ್ದರು. ನಟರು ಯಾರೂ ಬಂದಿರಲಿಲ್ಲ. ಸ್ಲೈಡ್ ಪ್ರದರ್ಶನ, ಕಿರುನಾಟಕ, ಚರ್ಚೆ ಅಷ್ಟೇ. ಅದಕ್ಕೂ ಹಿಂದೆ, 1967ರಲ್ಲಿ, ಇದೇ ಶೆರ್ನಾ ಮತ್ತು ಡೆವ್ರಾ ಲ್ಯಾಂಗ್ಸಮ್ ಸೇರಿ 'ಸ್ಪಾಕನೇಲಿಯಾ' ಎಂಬ ಅಭಿಮಾನಿ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಿ ಹಂಚಿದ್ದರು. ಇಡೀ ಸಮ್ಮೇಳನ ಪರಂಪರೆಯ ಬೇರು ಅಲ್ಲಿದೆ. ಈ ಹೆಂಗಸರ ಹೆಸರು ಇನ್ನೂ ದೊಡ್ಡದಾಗಿ ಕೇಳಿಬರಬೇಕು.

ಡೆವ್ರಾ, ಜೋನ್ ವಿನ್‌ಸ್ಟನ್, ಎಲಿಸ್ ಪೈನ್ಸ್ ಮೊದಲಾದವರ ಸಮಿತಿ 1972ಕ್ಕೆ ಕೆಲವು ನೂರು ಜನ ಬಂದಾರೆಂದು ತಯಾರಿ ಮಾಡಿಕೊಂಡಿತ್ತು. ಬಂದವರು 3,000ಕ್ಕೂ ಹೆಚ್ಚು. ಬ್ಯಾಡ್ಜ್‌ಗಳು ಮುಗಿದುಹೋದವು. ಸಮಿತಿಯವರು ಅಳತೆಗೋಲಾಗಿ ಇಟ್ಟುಕೊಂಡದ್ದು ವೈಜ್ಞಾನಿಕ ಕಥೆಗಳ ಓದುಗರ ಸಮ್ಮೇಳನಗಳನ್ನು. ಅಲ್ಲಿಗೆ ಬರುವವರೆಲ್ಲ ಹೆಚ್ಚುಕಡಿಮೆ ಪರಸ್ಪರ ಪರಿಚಯದವರು, ಕಾಗದ ಬರೆದು ಮೊದಲೇ ಹೆಸರು ಕೊಟ್ಟವರು. ಟಿವಿ ನೋಡುಗರ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಧಾರಾವಾಹಿಯನ್ನು ಪ್ರಸಾರ ಮಾಡುತ್ತಿದ್ದ ಟಿವಿ ವಾಹಿನಿ ಎನ್‌ಬಿಸಿ ಕೊನೆಯ ಸೀಸನ್ನನ್ನು ಶುಕ್ರವಾರ ರಾತ್ರಿ 10ಕ್ಕೆ ಹಾಕಿ, 79 ಕಂತುಗಳಿಗೆ ಧಾರಾವಾಹಿಯನ್ನು ನಿಲ್ಲಿಸಿತ್ತು. ಆಮೇಲೆ ಸ್ಥಳೀಯ ಟಿವಿ ಕೇಂದ್ರಗಳು ಅದನ್ನು ಕೊಂಡು, ಶಾಲಾಮಕ್ಕಳು ಮನೆಯಲ್ಲಿರುವ ಸಂಜೆ ಹೊತ್ತಿಗೆ ದಿನವೂ ಮರುಪ್ರಸಾರ ಮಾಡಿದವು. ಈ ಹೊಸ ಪ್ರೇಕ್ಷಕರೇ ಆ ದಿನ ಬಾಗಿಲಲ್ಲಿ ನಿಂತಿದ್ದವರು.

ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ, ನಟಿ ಮೇಜಲ್ ಬ್ಯಾರೆಟ್, ಬರಹಗಾರರಾದ ಡಿ.ಸಿ. ಫಾಂಟಾನಾ, ಐಸಾಕ್ ಅಸಿಮೊವ್ ಬಂದಿದ್ದರು. ನಾಸಾ ಪ್ರದರ್ಶನಕ್ಕೆ ಸಾಮಾನು ಕಳಿಸಿತ್ತು. ಆದರೂ ಚಿತ್ರಪ್ರದರ್ಶನದ ಕೋಣೆಯ ಆಕರ್ಷಣೆಯೇ ಬೇರೆ. ಟಿವಿ ಕಾರ್ಯಕ್ರಮವನ್ನು ಟೇಪಿನಲ್ಲಿ ಹಿಡಿದಿಡುವ ವಿಸಿಆರ್ ಮನೆಯಲ್ಲಿ ಇಲ್ಲದ ಕಾಲ. ಮರುಪ್ರಸಾರದಲ್ಲಿ ಹೆಚ್ಚು ಜಾಹೀರಾತು ತುರುಕಲು ದೃಶ್ಯಗಳನ್ನು ಕತ್ತರಿಸುತ್ತಿದ್ದರು. ಕತ್ತರಿ ಬೀಳದ ಕಂತು ನೋಡಲು ಫಿಲಂ ಪ್ರಿಂಟೇ ಗತಿ.

16 ಎಂಎಂ ಫಿಲಂ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಿಮಿಷಕ್ಕೆ 36 ಅಡಿ ಬೇಕು. ಸುಮಾರು 50 ನಿಮಿಷದ ಒಂದು ಕಂತಿಗೆ 1,800 ಅಡಿ. 1,600 ಅಡಿಯ ರೀಲಿಗೆ ಅದು ಹಿಡಿಸದು. ಎರಡು ರೀಲು ಮಾಡಬೇಕು, ಒಂದೇ ಪ್ರೊಜೆಕ್ಟರ್ ಇದ್ದರೆ ನಡುವೆ ದೀಪ ಹಾಕಿ ರೀಲು ಬದಲಿಸಬೇಕು. ಪ್ರೊಜೆಕ್ಟರಿನ ಗೇಟಿನ (ಫಿಲಂ ಬೆಳಕಿಗೆ ಎದುರಾಗುವ ಕಿಂಡಿಯ) ಮೇಲೆ, ಕೆಳಗೆ ಫಿಲಂನ ಸಡಿಲ ಕುಣಿಕೆ ಬಿಡದಿದ್ದರೆ ಚಿತ್ರ ಕುಣಿಯುತ್ತದೆ, ಹಲ್ಲುಚಕ್ರ ಸಿಕ್ಕಿಸುವ ಅಂಚಿನ ತೂತುಗಳು ಹರಿಯುತ್ತವೆ. ಧ್ವನಿಪಟ್ಟಿ ಚಿತ್ರಕ್ಕಿಂತ 26 ಚೌಕಟ್ಟು ಮುಂದಿರುತ್ತದೆ; ಕೆಳಗಿನ ಕುಣಿಕೆಯ ಅಳತೆ ತಪ್ಪಿದರೆ ತುಟಿಗೂ ಮಾತಿಗೂ ಹೊಂದುವುದಿಲ್ಲ. ಹರಿದಲ್ಲಿ ಕತ್ತರಿಸಿ ಅಂಟಿಸಿದಾಗಲೆಲ್ಲ ಒಂದೆರಡು ಚೌಕಟ್ಟು ಹೋಗುತ್ತದೆ, ಮತ್ತೆ ಬರುವುದಿಲ್ಲ.

1973ರಲ್ಲಿ ಕಮೊಡೋರ್ ಹೋಟೆಲಿಗೆ 6,000ಕ್ಕೂ ಹೆಚ್ಚು ಜನ ಬಂದರು. ಧಾರಾವಾಹಿಯ ನಟರಾದ ಜೇಮ್ಸ್ ಡೂಹನ್, ಜಾರ್ಜ್ ಟಕೇ ಜೊತೆಗೆ ಲೆನಾರ್ಡ್ ನಿಮಾಯ್ ಹೇಳದೇ ಬಂದು ನಿಂತರು. 1974ರಲ್ಲಿ ಅಮೆರಿಕಾನಾ ಹೋಟೆಲಿನಲ್ಲಿ ಸಂಖ್ಯೆ 10,000 ದಾಟಿ, ಸಾವಿರಾರು ಜನರನ್ನು ಬಾಗಿಲಿಂದಲೇ ವಾಪಸ್ ಕಳಿಸಬೇಕಾಯಿತು. ಸಭಾಂಗಣದ ಆಸನಕ್ಕಿಂತ ಮಾರಿದ ಟಿಕೆಟ್ ಹೆಚ್ಚಾದರೆ ತೊಂದರೆ ಒಳಗಲ್ಲ, ಮೊಗಸಾಲೆಯಲ್ಲಿ ಹುಟ್ಟುತ್ತದೆ: ಒಂದು ಭಾಷಣ ಮುಗಿದವರು ಹೊರಬರಲು, ಮುಂದಿನದಕ್ಕೆ ಬಂದವರು ಒಳಹೋಗಲು ಒಂದೇ ಬಾಗಿಲು. ಹಾಗಾಗಿ 1975ಕ್ಕೆ ಸಮಿತಿ ಪ್ರವೇಶಕ್ಕೆ ಮಿತಿ ಹಾಕಿತು. 1976ರದ್ದು ಅವರ ಕೊನೆಯ ಸಮ್ಮೇಳನ.

ಅಷ್ಟರಲ್ಲಿ ಬೇರೆ ಊರುಗಳು ಹಿಡಿದುಕೊಂಡಿದ್ದವು. 1975ರ ಶಿಕಾಗೊ ಸಮ್ಮೇಳನದಲ್ಲಿ ಧಾರಾವಾಹಿಯ ನಟಿ ನಿಶೆಲ್ ನಿಕೋಲ್ಸ್ ನಾಸಾದ ಯೆಸ್ಕೊ ಫಾನ್ ಪುಟ್ಕಾಮರ್ ಭಾಷಣ ಕೇಳಿದರು. 1977ರಲ್ಲಿ ನಾಸಾಕ್ಕಾಗಿ ಮಹಿಳೆಯರನ್ನೂ ಕಪ್ಪು ಜನರನ್ನೂ ಗಗನಯಾತ್ರಿ ಹುದ್ದೆಗೆ ಅರ್ಜಿ ಹಾಕಿಸುವ ಕೆಲಸಕ್ಕೆ ಇಳಿದರು.