ನರಿ ಬೇಟೆಯ ನಾಯಿಗಳು

ಇಂಗ್ಲೆಂಡಿನ ನರಿ ಬೇಟೆ ಅಂದ್ರೆ ನನ್ನ ಗಮನ ಹೋಗುವುದು ಕೆಂಪು ಕೋಟಿನ ಸವಾರರ ಕಡೆಗಲ್ಲ, ನಾಯಿಗಳ ಕಡೆಗೆ. ಫಾಕ್ಸ್‌ಹೌಂಡ್‌ಗಳು ಕಣ್ಣಿಗಿಂತ ಮೂಗನ್ನೇ ಜಾಸ್ತಿ ನಂಬುತ್ತವೆ. ಪೊದೆಯೊಳಗೆ ಒಂದಕ್ಕೆ ವಾಸನೆ ಸಿಕ್ಕಿ ಅದು ಕೂಗಿತೋ, ಉಳಿದವೂ ದನಿ ಸೇರಿಸಿ ಹೊಲ, ಬೇಲಿ, ಹಳ್ಳ ಯಾವುದನ್ನೂ ಲೆಕ್ಕಿಸದೆ ಓಡುತ್ತವೆ, ಹಿಂದೆ ಕುದುರೆಗಳು, ನಡುವೆ ನಾಯಿಗಳನ್ನು ನಡೆಸುವ ಹಂಟ್ಸ್‌ಮನ್ ಊದುವ ಪುಟ್ಟ ಕೊಂಬು. ಅಷ್ಟು ನಾಯಿಗಳನ್ನು ಬರೀ ದನಿ ಮತ್ತು ಕೊಂಬಿನಿಂದ ಹಿಡಿತದಲ್ಲಿಡುವುದು ದೊಡ್ಡ ವಿದ್ಯೆ. ಮೆಚ್ಚಲೇಬೇಕು.

ಆದರೆ ನರಿಯ ಕಡೆಯಿಂದಲೂ ನೋಡಬೇಕು ಅಲ್ವಾ? ಅದು ಒಳಗೆ ನುಗ್ಗಿ ಬಚಾವಾಗಬಾರದು ಅಂತ ಬೇಟೆಗೆ ಮೊದಲೇ ಬಿಲದ ಬಾಯಿ ಮುಚ್ಚಿಸುತ್ತಿದ್ದರು. ಎಳೆಯ ನಾಯಿಗಳು ಕಲಿಯಲಿ ಅಂತ ಚಳಿಗಾಲಕ್ಕೆ ಮುಂಚೆ ಇನ್ನೂ ಬೆಳೆಯುತ್ತಿರುವ ನರಿಮರಿಗಳ ಮೇಲೆ ಬಿಡುತ್ತಿದ್ದರು. ಇದು ಮಾತ್ರ ನನಗೆ ತಡೆಯಲಾಗದು. ಕುರಿಮರಿ, ಕೋಳಿ ಕಳೆದುಕೊಳ್ಳುವ ರೈತರ ಕಷ್ಟ ನಿಜವೇ, ಆದರೂ ಒಂದು ಜೀವವನ್ನು ಹೀಗೆ ಮೈಲಿಗಟ್ಟಲೆ ಓಡಿಸಿ ಕೊಲ್ಲಬೇಕೇ?

ಬ್ರಿಟಿಷರು ನಮ್ಮ ಪಕ್ಕದ ಊಟಿಗೂ ಈ ಬೇಟೆ ತಂದರು. ಅಲ್ಲಿನ ಕೆಂಪು ನರಿ ಇಲ್ಲಿಲ್ಲ, ಹಾಗಾಗಿ ವೆನ್‌ಲಾಕ್ ಡೌನ್ಸ್‌ನ ಹುಲ್ಲುಗಾವಲಲ್ಲಿ ರಾತ್ರಿ ಊಳಿಡುವ ನಮ್ಮ ನರಿಗಳ ಹಿಂದೆ ನಾಯಿ ಬಿಟ್ಟರು.

ಇಂಗ್ಲೆಂಡ್, ವೇಲ್ಸ್‌ನಲ್ಲಿ 2004ರ ಕಾಯ್ದೆ 2005ರ ಫೆಬ್ರವರಿಯಿಂದ ಇದನ್ನು ನಿಷೇಧಿಸಿತು. ಈಗ ನರಿಯ ವಾಸನೆ ಹಚ್ಚಿದ ಬಟ್ಟೆ ಎಳೆದು ನಾಯಿಗಳನ್ನು ಓಡಿಸುತ್ತಾರೆ, ಅದರ ಮರೆಯಲ್ಲಿ ನಿಜವಾದ ನರಿಗಳೂ ಸಾಯುತ್ತಿವೆ ಅನ್ನುವ ದೂರು ನಿಂತಿಲ್ಲ. ನರಿಯ ವಾಸನೆ ಬದಲು ಸೋಂಪಿನಂಥ ವಾಸನೆ ಹಿಡಿದು ಓಡುವ ಡ್ರ್ಯಾಗ್ ಹಂಟಿಂಗ್ ಬಹಳ ಹಿಂದಿನಿಂದಲೂ ಇದೆ. ನಾಯಿ, ಕುದುರೆಗಳ ಓಟವನ್ನು ಪ್ರೀತಿಸುವವರಿಗೆ ಅಷ್ಟು ಸಾಲದೇ?