ಡಿಫರ್ ಆದ ಮೇಲೆ

ಅಮೆರಿಕದಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳಿರುವ ಮನೆಗಳಿಗೆ ಡಿಸೆಂಬರ್ ತಿಂಗಳ ನಡುಭಾಗ ಬಹಳ ಬಿಗುವಿನ ಕಾಲ. ಕಾಲೇಜು ಪ್ರವೇಶಕ್ಕೆಂದು ಎಲ್ಲರಿಗಿಂತ ಮೊದಲೇ, ನವೆಂಬರ್ 1 ಅಥವಾ 15ರ ಗಡುವಿಗೆ, ಕಳಿಸಿದ ಅರ್ಲಿ ಅರ್ಜಿಗಳಿಗೆ ಉತ್ತರ ಬರುವುದು ಆಗ. ಪ್ರವೇಶ ಸಿಕ್ಕರೆ ಸಂಭ್ರಮ, ಸಿಗದಿದ್ದರೆ ಒಂದೆರಡು ದಿನದ ದುಃಖ. ಆದರೆ ಡಿಫರ್, ಅಂದರೆ ತೀರ್ಮಾನವನ್ನು ಮುಂದೂಡಿದ್ದೇವೆ, ಎಂಬ ಮೂರನೆಯ ಉತ್ತರ ಬಂದಾಗ ಮನೆಯವರಿಗೆ ಹೇಗೆ ನಡೆದುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಕಳೆದ ವರ್ಷ ನಮ್ಮ ಮಗಳಿಗೆ ಬಂದದ್ದು ಆ ಉತ್ತರ. ಈ ವರ್ಷ ಪರಿಚಯದ ಮನೆಗಳಿಂದ ಅದೇ ವಿಷಯಕ್ಕೆ ಫೋನು ಬರುತ್ತಿರುವುದರಿಂದ, ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿತು.

ಅರ್ಲಿ ಎಂಬ ಹೆಸರಿನಡಿ ಬೇರೆ ಬೇರೆ ಒಪ್ಪಂದಗಳಿವೆ. ಅರ್ಲಿ ಡಿಸಿಷನ್‌ನಲ್ಲಿ ವಿದ್ಯಾರ್ಥಿ, ಪೋಷಕರು ಮತ್ತು ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಪ್ರವೇಶ ಸಿಕ್ಕರೆ ಅಲ್ಲಿಗೇ ಸೇರಬೇಕು, ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳಬೇಕು. ಅರ್ಲಿ ಆ್ಯಕ್ಷನ್‌ನಲ್ಲಿ ಆ ಕಟ್ಟು ಇಲ್ಲ. ಉತ್ತರ ಬೇಗ ಬರುತ್ತದೆ, ತೀರ್ಮಾನಿಸಲು ಮೇ 1ರವರೆಗೆ ಕಾಲಾವಕಾಶವಿರುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದ್ದು ಇವೆರಡರ ನಡುವಿನ ದಾರಿ: ಸಿಕ್ಕರೆ ಸೇರಲೇಬೇಕೆಂಬ ಷರತ್ತಿಲ್ಲ, ಆದರೆ ಅದೇ ಹೊತ್ತಿಗೆ ಬೇರೆ ಖಾಸಗಿ ಕಾಲೇಜುಗಳಿಗೆ ಅರ್ಲಿ ಅರ್ಜಿ ಹಾಕಲು ಸಾಮಾನ್ಯವಾಗಿ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಅರ್ಲಿ ಎಂಬ ಏರ್ಪಾಟೇ ಇಲ್ಲ.

ಕಾಲೇಜುಗಳು ಇದನ್ನು ಇಟ್ಟುಕೊಂಡಿರುವುದು ಮುಖ್ಯವಾಗಿ ತಮ್ಮ ಅನುಕೂಲಕ್ಕೆ ಎಂಬುದನ್ನು ಮನೆಯಲ್ಲಿ ಮೊದಲೇ ಮಾತನಾಡಿಕೊಂಡಿರುವುದು ಒಳ್ಳೆಯದು. ಪ್ರವೇಶ ಕೊಟ್ಟವರಲ್ಲಿ ಎಷ್ಟು ಮಂದಿ ನಿಜವಾಗಿ ಸೇರುತ್ತಾರೆ ಎಂಬ ಪ್ರಮಾಣವನ್ನು ಅವರು ಯೀಲ್ಡ್ ಎನ್ನುತ್ತಾರೆ, ಮತ್ತು ಸೇರಿಯೇ ಸೇರುತ್ತೇನೆಂದು ಸಹಿ ಹಾಕಿಕೊಟ್ಟವರಿಂದ ಡಿಸೆಂಬರ್‌ನಲ್ಲೇ ತರಗತಿಯ ದೊಡ್ಡ ಭಾಗವನ್ನು ತುಂಬಿಕೊಂಡರೆ ಆ ಲೆಕ್ಕದ ಅನಿಶ್ಚಿತತೆ ಬಹುಪಾಲು ಕಳೆಯುತ್ತದೆ. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು ಅರ್ಲಿ ಪದ್ಧತಿಯಿಂದ ಅನುಕೂಲಸ್ಥರಿಗೇ ಹೆಚ್ಚು ಲಾಭವಾಗುತ್ತಿದೆ ಎಂದು ಹೇಳಿ ಅದನ್ನು ಕೈಬಿಟ್ಟವು. ಉಳಿದವರು ಹಿಂಬಾಲಿಸಲಿಲ್ಲ. ಐದು ವರ್ಷ ತುಂಬುವ ಮೊದಲೇ, 2011ರ ಫೆಬ್ರುವರಿಯ ಹೊತ್ತಿಗೆ, ಮೂರೂ ಸಂಸ್ಥೆಗಳು ಅರ್ಲಿ ಪದ್ಧತಿಗೆ ಮರಳುವುದಾಗಿ ಪ್ರಕಟಿಸಿದ್ದವು. ಅಷ್ಟು ಹಣ, ಅಷ್ಟು ಹೆಸರು ಇರುವವರಿಗೇ ಒಂಟಿಯಾಗಿ ಹೊರಗೆ ನಿಲ್ಲುವುದು ಆಗಲಿಲ್ಲವೆಂದರೆ, ಹದಿನೇಳು ವರ್ಷದ ಮಕ್ಕಳು ಈ ಓಟಕ್ಕೆ ಬೀಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಡಿಫರ್ ಎಂದರೆ, ಅರ್ಜಿಯನ್ನು ಜನವರಿಯ ಗಡುವಿಗೆ ಬರುವ ರೆಗ್ಯುಲರ್ ಅರ್ಜಿಗಳ ಜೊತೆ ಇಟ್ಟು ಮತ್ತೊಮ್ಮೆ ನೋಡುತ್ತೇವೆ, ಕೊನೆಯ ಉತ್ತರ ಮಾರ್ಚ್ ಕೊನೆಗೆ ಬರುತ್ತದೆ ಎಂದು ಅರ್ಥ. ರೈಲಿನ ವೇಟಿಂಗ್ ಲಿಸ್ಟಿನಲ್ಲಿರುವಂತೆ ಇಲ್ಲಿ ಸರದಿಯ ಸಂಖ್ಯೆ ಇರುವುದಿಲ್ಲ. ಮುಂದಿನವರು ಬಿಟ್ಟರೆ ನಮಗೆ ಸಿಗುತ್ತದೆ ಎಂಬ ಲೆಕ್ಕವೂ ನಡೆಯುವುದಿಲ್ಲ. ಈ ಮಾತಿನ ತೂಕ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗಿರುತ್ತದೆ. ಜಾರ್ಜ್‌ಟೌನ್ ಬಹುಕಾಲದಿಂದ ಅರ್ಲಿ ಆ್ಯಕ್ಷನ್‌ನಲ್ಲಿ ಪ್ರವೇಶ ಸಿಗದವರನ್ನೆಲ್ಲ ಡಿಫರ್ ಮಾಡುತ್ತ ಬಂದಿದೆ. ಎಂಐಟಿಯಲ್ಲೂ ಡಿಫರ್ ಆಗುವವರ ಸಂಖ್ಯೆ ಬಹಳ ದೊಡ್ಡದು. ಸ್ಟ್ಯಾನ್‌ಫರ್ಡ್ ಕೆಲವರನ್ನು ಮಾತ್ರ ಡಿಫರ್ ಮಾಡಿ ಹೆಚ್ಚಿನವರಿಗೆ ಆಗಲೇ ಇಲ್ಲವೆಂದು ಹೇಳಿಬಿಡುತ್ತದೆ. ಆದ್ದರಿಂದ ಬಂದ ಪತ್ರವನ್ನು ಆಶಾವಾದದಿಂದಲೋ ನಿರಾಶೆಯಿಂದಲೋ ಓದುವ ಮೊದಲು, ಆ ಕಾಲೇಜು ಎಂಥವರನ್ನು, ಎಷ್ಟು ಜನರನ್ನು ಡಿಫರ್ ಮಾಡುವ ರೂಢಿ ಇಟ್ಟುಕೊಂಡಿದೆ ಎಂದು ಶಾಲೆಯ ಕೌನ್ಸೆಲರ್ ಅವರನ್ನು ಕೇಳುವುದು ಲೇಸು. ಸೌಜನ್ಯಕ್ಕೆ ಡಿಫರ್ ಮಾಡುವವರೂ ಇದ್ದಾರೆ. ಆ ಸೌಜನ್ಯದ ಬಗ್ಗೆ ನನಗೆ ಗೌರವವಿಲ್ಲ, ಏಕೆಂದರೆ ಅದರ ಬೆಲೆಯನ್ನು ಮಗು ಇನ್ನೂ ಮೂರು ತಿಂಗಳು ತೆರುತ್ತದೆ.

ಮಾಡಬೇಕಾದ ಕೆಲಸ ನಿಜಕ್ಕೂ ಸ್ವಲ್ಪವೇ. ಕಾಲೇಜು ಏನು ಕೇಳಿದೆಯೋ ಅದನ್ನು ಕಳಿಸಬೇಕು, ಬೇಡವೆಂದದ್ದನ್ನು ಕಳಿಸಬಾರದು. ಎಂಐಟಿ ಫೆಬ್ರುವರಿಯಲ್ಲಿ ತನ್ನದೇ ಫಾರ್ಮಿನ ಮೂಲಕ ಅರ್ಧವಾರ್ಷಿಕ ಅಂಕಗಳನ್ನೂ ಹೊಸ ಸಂಗತಿಗಳನ್ನೂ ಕೇಳುತ್ತದೆ. ಬೇರೆ ಅನೇಕ ಕಡೆ ಕೌನ್ಸೆಲರ್ ಕಳಿಸುವ ಅರ್ಧವಾರ್ಷಿಕ ವರದಿಯ ಜೊತೆಗೆ, ತನಗೆ ಇನ್ನೂ ಆಸಕ್ತಿಯಿದೆ ಎಂದು ತಿಳಿಸುವ ಒಂದು ಪುಟದ ಪತ್ರವನ್ನು ವಿದ್ಯಾರ್ಥಿ ಬರೆಯಬಹುದು. ಅದರಲ್ಲಿ ನವೆಂಬರ್‌ನ ನಂತರ ನಡೆದದ್ದು ಮಾತ್ರ ಇರಬೇಕು. ಹಳೆಯ ಪ್ರಬಂಧದ ಮಾತುಗಳನ್ನೇ ತಿರುಗಿಸಿ ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಅಲ್ಲೇ ಓದಿದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಶಿಫಾರಸು ಬರೆಸುವುದು, ಪೋಷಕರೇ ಅಡ್ಮಿಷನ್ ಕಚೇರಿಗೆ ಫೋನು ಮಾಡುವುದು ಇವೆಲ್ಲ ಬೇಡ. ಅರ್ಧವಾರ್ಷಿಕ ಅಂಕಗಳು ಕುಸಿಯದಂತೆ ನೋಡಿಕೊಳ್ಳುವುದು ಈ ಎಲ್ಲ ಪತ್ರಗಳಿಗಿಂತ ಮುಖ್ಯ. ಡಿಫರ್ ಆದ ಬೇಸರದಲ್ಲಿ ಡಿಸೆಂಬರ್‌ನ ಪರೀಕ್ಷೆಗಳನ್ನು ಉದಾಸೀನ ಮಾಡಿದ ಮಕ್ಕಳನ್ನು ಕಂಡಿದ್ದೇನೆ. ಜನವರಿ ಮೊದಲ ವಾರದ ಗಡುವಿನ ಅರ್ಜಿಗಳಂತೂ ಉತ್ತರ ಬರುವ ಮೊದಲೇ ಬಹುಪಾಲು ಸಿದ್ಧವಾಗಿರಬೇಕು, ಏಕೆಂದರೆ ಕೆಟ್ಟ ಸುದ್ದಿ ಬಂದ ವಾರದಲ್ಲಿ ಯಾವ ಮಗುವೂ ಒಳ್ಳೆಯ ಪ್ರಬಂಧ ಬರೆಯಲಾರದು.

ನಮ್ಮ ತಲೆಮಾರಿನ ಪೋಷಕರಿಗೆ ಇದರಲ್ಲಿ ಬೇರೆಯದೇ ಒಂದು ತೊಡಕಿದೆ. ನಾವು ಸಿಇಟಿ ರ‍್ಯಾಂಕಿನ ಲೋಕದಿಂದ ಬಂದವರು. ರ‍್ಯಾಂಕ್ ಎಷ್ಟು ಎಂದು ತಿಳಿದರೆ ಯಾವ ಕಾಲೇಜು ಸಿಗುತ್ತದೆ ಎಂದೂ ತಿಳಿಯುತ್ತಿತ್ತು, ಸಿಗದಿದ್ದರೆ ಎಷ್ಟು ಅಂಕಕ್ಕೆ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಇಲ್ಲಿ ಅಂಥ ರೇಖೆಯಿಲ್ಲ. ಆ ವರ್ಷ ಯಾವ ವಿಭಾಗಕ್ಕೆ ಎಷ್ಟು ಅರ್ಜಿ ಬಂದವು, ಅದೇ ಶಾಲೆಯಿಂದ ಎಷ್ಟು ಮಕ್ಕಳು ಹಾಕಿದ್ದರು, ಆರ್ಕೆಸ್ಟ್ರಾಕ್ಕೆ ಯಾವ ವಾದ್ಯದವರು ಬೇಕಿತ್ತು ಎಂಬಂಥ, ನಮ್ಮ ಕಣ್ಣಿಗೆ ಬೀಳದ ನೂರು ಸಂಗತಿಗಳು ಸೇರಿ ಉತ್ತರ ರೂಪುಗೊಳ್ಳುತ್ತದೆ. ಆದರೂ ನಾವು ‘ಎಲ್ಲಿ ಕಡಿಮೆಯಾಯಿತು?’ ಎಂದು ಕೇಳುತ್ತೇವೆ, ಮತ್ತು ಉತ್ತರವಿಲ್ಲದ ಆ ಪ್ರಶ್ನೆಗೆ ಮಗು ತನ್ನಲ್ಲೇ ಉತ್ತರ ಹುಡುಕತೊಡಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೊಂದು ನಿಯಮ ಮಾಡಿಕೊಂಡೆವು: ಕಾಲೇಜಿನ ಮಾತು ಭಾನುವಾರ ಸಂಜೆ ಮಾತ್ರ, ಅದೂ ಮಾಡಬೇಕಾದ ಕೆಲಸಗಳ ಬಗ್ಗೆ ಮಾತ್ರ. ಊರಿನಿಂದ ಅಜ್ಜಿ ಕೇಳಿದಾಗ ಏನು ಹೇಳಬೇಕು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಬೇಕೋ ಬೇಡವೋ ಎಂಬುದನ್ನು ಮಗಳೇ ತೀರ್ಮಾನಿಸಿದಳು. ಗೆಳತಿಯರ ಪೈಕಿ ಕೆಲವರಿಗೆ ಅದೇ ವಾರ ಪ್ರವೇಶ ಸಿಕ್ಕಿತ್ತು. ಅವರಿಗೆ ಅಭಿನಂದನೆ ಹೇಳಲು ಅವಳಿಗೆ ಕೆಲವು ದಿನ ಬೇಕಾಯಿತು, ನಾವು ಅವಸರಪಡಿಸಲಿಲ್ಲ.

ಡಿಫರ್ ಆದ ಬೆನ್ನಲ್ಲೇ ಎದುರಾಗುವ ಆಮಿಷ ಅರ್ಲಿ ಡಿಸಿಷನ್ 2. ಜನವರಿಯಲ್ಲಿ ಅರ್ಜಿ, ಫೆಬ್ರುವರಿಯಲ್ಲಿ ಉತ್ತರ, ಕಟ್ಟು ಮಾತ್ರ ಮೊದಲಿನದೇ. ನಿಜವಾಗಿ ಎರಡನೆಯ ಇಷ್ಟದ ಕಾಲೇಜು ಇದ್ದು, ಅದರ ಖರ್ಚು ಮನೆಗೆ ಹೊಂದುತ್ತದೆ ಎಂದು ಗೊತ್ತಿದ್ದರೆ ಅದು ಒಳ್ಳೆಯ ದಾರಿ. ಕಾಯುವುದು ತಾಳಲಾರದೆ, ಎಲ್ಲಿಯಾದರೂ ಸರಿ ಒಂದು ಹೌದು ಸಿಗಲಿ ಎಂದು ಹಾಕುವುದಾದರೆ ಅದು ನಾಲ್ಕು ವರ್ಷದ ಹಣವನ್ನು ಒಂದು ವಾರದ ನೆಮ್ಮದಿಗೆ ಕೊಟ್ಟಂತೆ. ನಾವು ಹಾಕಲಿಲ್ಲ, ಮತ್ತು ಅದಕ್ಕೆ ಕಾರಣ ಸ್ಕಾಲರ್‌ಶಿಪ್.

ಅರ್ಲಿ ಡಿಸಿಷನ್‌ನಲ್ಲಿ ಡಿಫರ್ ಆದ ಕ್ಷಣಕ್ಕೆ ಆ ಒಪ್ಪಂದದ ಕಟ್ಟು ಬಿಟ್ಟುಹೋಗುತ್ತದೆ ಎಂಬುದು ಆ ಬೇಸರದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಮಾರ್ಚ್‌ನಲ್ಲಿ ಅದೇ ಕಾಲೇಜು ಕರೆದರೂ ಸೇರಬೇಕಾದ ಬಾಧ್ಯತೆಯಿಲ್ಲ; ಬಂದ ಎಲ್ಲ ಆಹ್ವಾನಗಳನ್ನೂ ಪಕ್ಕಪಕ್ಕ ಇಟ್ಟು ಖರ್ಚು ಹೋಲಿಸಬಹುದು. ಡಿಸೆಂಬರ್‌ನಲ್ಲೇ ಪ್ರವೇಶ ಸಿಕ್ಕವರಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ಕೊಟ್ಟ ನೆರವು ಸಾಲದೆ ಓದಿಸಲು ಸಾಧ್ಯವೇ ಇಲ್ಲವೆಂದು ತೋರಿಸಿದರೆ ಒಪ್ಪಂದದಿಂದ ಬಿಡುಗಡೆಯಿದೆ, ಆದರೆ ಬೇರೆ ಕಡೆ ಇನ್ನೂ ದೊಡ್ಡ ಮೆರಿಟ್ ಸ್ಕಾಲರ್‌ಶಿಪ್ ಸಿಗಬಹುದಿತ್ತು ಎಂಬುದು ಅದಕ್ಕೆ ಕಾರಣವಾಗುವುದಿಲ್ಲ.

ಮೆರಿಟ್ ಸ್ಕಾಲರ್‌ಶಿಪ್ ಎಲ್ಲೆಡೆ ಇರುವ ವಸ್ತುವಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಗುಂಪಿನ ಎಂಟು ವಿಶ್ವವಿದ್ಯಾಲಯಗಳು ಮತ್ತು ಎಂಐಟಿ ಕುಟುಂಬದ ಆರ್ಥಿಕ ಅಗತ್ಯವನ್ನು ನೋಡಿ ಮಾತ್ರ ನೆರವು ಕೊಡುತ್ತವೆ. ಅಂಕ, ಪ್ರತಿಭೆಗಳಿಗೆಂದು ಅಲ್ಲಿ ಹಣವಿಲ್ಲ. ಅವುಗಳ ಕೆಳಗಿನ ಮೆಟ್ಟಿಲಲ್ಲಿದ್ದು ಒಳ್ಳೆಯ ವಿದ್ಯಾರ್ಥಿಗಳನ್ನು ಸೆಳೆಯಬೇಕಾದ ಸಂಸ್ಥೆಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಅಲಬಾಮಾ ವಿಶ್ವವಿದ್ಯಾಲಯ ಇಂತಿಷ್ಟು ಅಂಕಕ್ಕೆ ಇಂತಿಷ್ಟು ಹಣ ಎಂಬ ಪಟ್ಟಿಯನ್ನೇ ಪ್ರಕಟಿಸುತ್ತದೆ. ಉತ್ತರ ಕ್ಯಾರೊಲೈನಾದ ಮೋರ್‌ಹೆಡ್-ಕೇನ್, ವರ್ಜೀನಿಯಾದ ಜೆಫರ್ಸನ್‌ನಂಥವು ಸಂದರ್ಶನಗಳನ್ನು ದಾಟಿ ಪಡೆಯಬೇಕಾದ, ಬಹುತೇಕ ಪೂರ್ತಿ ಖರ್ಚನ್ನು ಭರಿಸುವ ದೊಡ್ಡ ಸ್ಕಾಲರ್‌ಶಿಪ್‌ಗಳು. ಹನ್ನೊಂದನೆಯ ತರಗತಿಯ ಪಿಎಸ್ಎಟಿ ಪರೀಕ್ಷೆಯ ಮೇಲೆ ನಿಂತ ನ್ಯಾಷನಲ್ ಮೆರಿಟ್ ಸ್ಪರ್ಧೆಯಲ್ಲಿ ಸುಮಾರು 16,000 ಮಂದಿ ಸೆಮಿಫೈನಲಿಸ್ಟ್‌ಗಳಾಗುತ್ತಾರೆ. ಅದರ ಸ್ವಂತ ಬಹುಮಾನ ಒಂದು ಬಾರಿಯ 2,500 ಡಾಲರ್ ಅಷ್ಟೇ, ಆದರೆ ಫೈನಲಿಸ್ಟ್ ಎಂಬ ಹೆಸರಿಗೆ ಅದರ ಎಷ್ಟೋ ಪಟ್ಟು ಕೊಡುವ ವಿಶ್ವವಿದ್ಯಾಲಯಗಳಿವೆ. ಗಮನಿಸಬೇಕಾದದ್ದು ದಿನಾಂಕ. ಬಾಸ್ಟನ್ ಯೂನಿವರ್ಸಿಟಿಯ ಟ್ರಸ್ಟಿ ಸ್ಕಾಲರ್‌ಶಿಪ್‌ಗೆ ಡಿಸೆಂಬರ್ 1 ಗಡುವು, ಪರ್ಡ್ಯೂನಲ್ಲಿ ಸ್ಕಾಲರ್‌ಶಿಪ್‌ಗೆ ಪರಿಗಣಿಸಬೇಕಾದರೆ ಅರ್ಜಿ ನವೆಂಬರ್ 1ಕ್ಕೇ ಹೋಗಿರಬೇಕು. ಇಷ್ಟದ ಕಾಲೇಜಿನ ಅರ್ಲಿ ಉತ್ತರ ಬರುವ ಹೊತ್ತಿಗೆ ಇವೆಲ್ಲ ಮುಗಿದಿರುತ್ತವೆ. ಹಾಗಾಗಿ ಒಂದೆಡೆ ಅರ್ಲಿ ಡಿಸಿಷನ್‌ಗೆ ಸಹಿ ಹಾಕಿದರೂ, ಸರಕಾರಿ ವಿಶ್ವವಿದ್ಯಾಲಯಗಳೂ ಸೇರಿದಂತೆ ಎರಡು ಮೂರು ಕಡೆ ಅರ್ಲಿ ಆ್ಯಕ್ಷನ್ ಅರ್ಜಿ ಹಾಕಿಡಲೇಬೇಕು. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಅಲ್ಲಿಂದ ಬರುವ ಒಂದು ಹೌದು, ಜೊತೆಗೆ ಬರುವ ಹಣದ ಪತ್ರ, ಡಿಫರ್ ಆದ ಮಗುವಿಗೆ ನಾವು ಹೇಳುವ ಯಾವ ಸಮಾಧಾನಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಹಣದ ಪತ್ರ ಓದುವಾಗ ತಲೆ ತಣ್ಣಗಿರಬೇಕು. ವರ್ಷಕ್ಕೆ 90,000 ಡಾಲರ್ ಖರ್ಚಿನ ಖಾಸಗಿ ಕಾಲೇಜು 30,000 ಡಾಲರ್ ಸ್ಕಾಲರ್‌ಶಿಪ್ ಕೊಟ್ಟರೆ ಕೈಯಿಂದ ಹೋಗುವುದು 60,000. ಸ್ಕಾಲರ್‌ಶಿಪ್ ಒಂದು ಡಾಲರೂ ಕೊಡದ, 35,000 ಡಾಲರ್ ಖರ್ಚಿನ ಸ್ವಂತ ರಾಜ್ಯದ ವಿಶ್ವವಿದ್ಯಾಲಯ ನಾಲ್ಕು ವರ್ಷಕ್ಕೆ ಒಂದು ಲಕ್ಷ ಡಾಲರ್ ಅಗ್ಗ. ಆದರೂ ನಮ್ಮ ಬಳಗದಲ್ಲಿ ಹೇಳಿಕೊಳ್ಳುವುದು ಸಿಕ್ಕ ಮೂವತ್ತು ಸಾವಿರವನ್ನೇ ಹೊರತು ಉಳಿದ ಅರವತ್ತನ್ನಲ್ಲ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಮೆರಿಟ್ ಎಂಬುದು ಮಗುವಿಗೆ ಸಂದ ಗೌರವವಾಗಿರುವಷ್ಟೇ ಶುಲ್ಕದಲ್ಲಿ ಮಾಡಿದ ರಿಯಾಯಿತಿಯೂ ಹೌದು. ಸರಾಸರಿ ಗ್ರೇಡ್ ಎಷ್ಟಕ್ಕೆ ಇಳಿದರೆ ಅದು ನಿಲ್ಲುತ್ತದೆ ಎಂದು ಕೇಳಬೇಕು, 4ಕ್ಕೆ 3.0 ಸಾಮಾನ್ಯ, ಕೆಲವೆಡೆ ಅದಕ್ಕಿಂತ ಹೆಚ್ಚು, ಮತ್ತು ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಅದು ಹಗುರವಾದ ಷರತ್ತಲ್ಲ. ಹೊರಗಿನ ಸಂಸ್ಥೆಯ ಸ್ಕಾಲರ್‌ಶಿಪ್ ತಂದರೆ ಕಾಲೇಜು ತನ್ನ ನೆರವನ್ನು ಅಷ್ಟು ತಗ್ಗಿಸುತ್ತದೆಯೇ ಎಂಬುದನ್ನೂ ಕೇಳಬೇಕು. 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ, ನೆರವು ಕಳೆದು ಮನೆಯವರು ಕಟ್ಟಬೇಕಾದ ಹಣವನ್ನು ಅಂದಾಜು ಮಾಡಿ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿದೆ. ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮೊದಲು ಒಂದು ಸಂಜೆ ಅದರ ಮುಂದೆ ಕುಳಿತರೆ ಏಪ್ರಿಲ್‌ನ ಎಷ್ಟೋ ಜಗಳ ತಪ್ಪುತ್ತದೆ.

ಪೋಷಕರ ಉದ್ಯೋಗ ವೀಸಾದ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳ ಮನೆಗಳಿಗೆ ಈ ಲೆಕ್ಕ ಇನ್ನೂ ಬಿಗಿ. ಫಾಫ್ಸಾ ಎಂಬ ನೆರವಿನ ಅರ್ಜಿಯ ಮೂಲಕ ಸಿಗುವ ಕೇಂದ್ರ ಸರಕಾರದ ನೆರವು, ಸಾಲ ಯಾವುದೂ ಅವರಿಗಿಲ್ಲ. ಇಲ್ಲೇ ಒಂದನೆಯ ತರಗತಿಯಿಂದ ಓದಿದ್ದರೂ ಅನೇಕ ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಅವರನ್ನು ವಿದೇಶಿ ವಿದ್ಯಾರ್ಥಿಗಳ ಜೊತೆ ಸೇರಿಸುತ್ತವೆ. ನೆರವು ಬೇಕೆಂದು ಕೇಳಿದ್ದನ್ನು ಪ್ರವೇಶದ ತೀರ್ಮಾನದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಇವರನ್ನೂ ನೋಡುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕಡೆಗಳು ಕೆಲವೇ. ಉಳಿದಂತೆ ಇವರಿಗೆ ದಾರಿಯೆಂದರೆ ವೀಸಾ ನೋಡದ ಮೆರಿಟ್ ಸ್ಕಾಲರ್‌ಶಿಪ್, ಇಲ್ಲವೇ ವಾಸವಿರುವ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ರಾಜ್ಯದವರಿಗಿರುವ ಕಡಿಮೆ ಶುಲ್ಕದ ಸೌಲಭ್ಯ. ಆ ಸೌಲಭ್ಯ ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಇದೆ, ಆದರೆ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಖರ್ಚಿನ ಅಂದಾಜಿಲ್ಲದೆ ಈ ಮನೆಗಳವರು ಅರ್ಲಿ ಡಿಸಿಷನ್‌ಗೆ ಸಹಿ ಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗಳಿಗೆ ಡಿಫರ್ ಮಾಡಿದ ಕಾಲೇಜಿನಿಂದ ಮಾರ್ಚ್ ಕೊನೆಗೆ ಬಂದ ಉತ್ತರ ಇಲ್ಲ ಎಂದೇ. ಅಷ್ಟರಲ್ಲಿ ಅವಳ ಕೈಯಲ್ಲಿ ಬೇರೆ ಆಹ್ವಾನಗಳಿದ್ದವು, ಮತ್ತು ಆ ಸಂಜೆ ಮನೆಯಲ್ಲಿ ಡಿಸೆಂಬರ್‌ನಷ್ಟು ಮೌನವಿರಲಿಲ್ಲ. ಏಪ್ರಿಲ್‌ನಲ್ಲಿ ಅವಳೇ ಒಂದು ಕಡೆಯ ನೆರವಿನ ಕಚೇರಿಗೆ, ಇನ್ನೊಂದು ಕಡೆ ಬಂದ ಸ್ಕಾಲರ್‌ಶಿಪ್ ಪತ್ರದ ಪ್ರತಿಯನ್ನು ಲಗತ್ತಿಸಿ, ಮರುಪರಿಶೀಲಿಸಲು ಸಾಧ್ಯವೇ ಎಂದು ವಿನಯದಿಂದ ಬರೆದಳು, ಸ್ವಲ್ಪ ಹೆಚ್ಚಿಸಿದರು. ಎಲ್ಲರೂ ಹೆಚ್ಚಿಸುವುದಿಲ್ಲ, ಆದರೆ ಕೇಳಿದ ತಪ್ಪಿಗೆ ಯಾರೂ ಕೊಟ್ಟದ್ದನ್ನು ಕಿತ್ತುಕೊಳ್ಳುವುದನ್ನು ನಾನು ಕಂಡಿಲ್ಲ. ಮೇ 1ಕ್ಕೆ ಮುಂಗಡ ಕಟ್ಟಿದ ಮೇಲೂ ಪತ್ರಗಳು ಬರಬಹುದು: ಬೇರೆಡೆ ಸೇರಲು ಒಪ್ಪಿದವರನ್ನು ಆ ದಿನಾಂಕದ ನಂತರ ಸೆಳೆಯಬಾರದೆಂದು ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘ ಇಟ್ಟುಕೊಂಡಿದ್ದ ನಿಯಮವನ್ನು, ಅದು ಪೈಪೋಟಿಗೆ ಅಡ್ಡಿ ಎಂದು ನ್ಯಾಯ ಇಲಾಖೆ ಆಕ್ಷೇಪಿಸಿದ್ದರಿಂದ, 2019ರಲ್ಲಿ ತೆಗೆದುಹಾಕಲಾಯಿತು. ಅಂಥ ಪತ್ರ ಬಂದರೆ ಕಟ್ಟಿದ ಮುಂಗಡ ವಾಪಸು ಬರುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ನೋಡಬೇಕು. ಸೇರದ ಕಾಲೇಜುಗಳಿಗೆ ಬೇಡವೆಂದು ಅವರವರ ಪೋರ್ಟಲ್‌ನಲ್ಲಿ ಬೇಗನೆ ತಿಳಿಸಿಬಿಡುವುದು ಉಳಿದ ಕೊನೆಯ ಕೆಲಸ. ಆ ಸೀಟು, ಕೆಲವೆಡೆ ಆ ಸ್ಕಾಲರ್‌ಶಿಪ್ ಹಣವೂ, ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಹೋಗಬೇಕಾಗಿರುತ್ತದೆ.