ಆಟಗಾರರ ಡೇಟಾ ಕೊಟ್ಟು ಎದುರಾಳಿ ಕಾರಿಗೆ ಓಡಿಸಲು ಕಲಿಸುವಾಗ

ರೇಸಿಂಗ್ ಗೇಮ್‌ನಲ್ಲಿ ಕಂಪ್ಯೂಟರ್ ಓಡಿಸುವ ಕಾರುಗಳಿಗೆ ಆಟಗಾರರ ಚಾಲನೆಯನ್ನೇ ಕಲಿಸುವುದು ಹೊಸದೇನಲ್ಲ. 2005ರ ಫೋರ್ಜಾ ಮೋಟಾರ್‌ಸ್ಪೋರ್ಟ್ ಗೇಮ್‌ನಲ್ಲೇ ಆಟಗಾರನ ಶೈಲಿ ಕಲಿತು ಕಾರು ಓಡಿಸುವ ‘ಡ್ರೈವಟಾರ್’ ಇತ್ತು. 2013ರ ಐದನೇ ಆವೃತ್ತಿಯಲ್ಲಿ ಅದು ಕ್ಲೌಡ್‌ಗೆ ಹೋಯಿತು. ಆಟಗಾರ ಆಟ ಮುಚ್ಚಿ ಮಲಗಿದ್ದರೂ ಅವನ ಹೆಸರಿನ ಕಾರು ಗೆಳೆಯರ ರೇಸ್‌ನಲ್ಲಿ ಓಡತೊಡಗಿತು. ಇಂಥ ವ್ಯವಸ್ಥೆ ಕಟ್ಟುವಾಗ ಕಲಿಸುವ ಕೆಲಸಕ್ಕಿಂತ ಡೇಟಾ ಸೋಸುವ ಕೆಲಸವೇ ಹೆಚ್ಚು.

ರೆಕಾರ್ಡಿಂಗ್‌ನಿಂದಲೇ ಎಚ್ಚರ ಬೇಕು. ಸಮಯದ ಲೆಕ್ಕದಲ್ಲಿ ಬರೆದಿಟ್ಟರೆ, ಸ್ಪಿನ್ ಆಗಿ ನಿಂತ ಕಾರು ಒಂದೇ ಜಾಗಕ್ಕೆ ನೂರಾರು ಸಾಲು ತುಂಬಿಬಿಡುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗುವ ಕಾರಿಗೆ ಸೆಕೆಂಡಿಗೆ 10 ಸಲ ಬರೆದರೂ ಎರಡು ಸಾಲುಗಳ ನಡುವೆ ಐದೂವರೆ ಮೀಟರ್ ಖಾಲಿ. ಅದಕ್ಕೇ ದೂರದ ಲೆಕ್ಕ ಒಳ್ಳೆಯದು: ಟ್ರ್ಯಾಕಿನ ಪ್ರತಿ 2 ಮೀಟರಿಗೆ ಒಂದು ಸಾಲು. ಅದರಲ್ಲಿ ಮಧ್ಯರೇಖೆಯಿಂದ ಕಾರು ಎಷ್ಟು ಪಕ್ಕಕ್ಕಿದೆ, ವೇಗ, ಸ್ಟೀರಿಂಗ್, ಆಕ್ಸಿಲರೇಟರ್, ಬ್ರೇಕ್, ಗೇರ್, ಹತ್ತಿರದ ಕಾರು ಎಲ್ಲಿದೆ ಎಂಬುದಿಷ್ಟು ಸಾಕು. 5 ಕಿ.ಮೀ. ಟ್ರ್ಯಾಕಿಗೆ ಒಂದು ಲ್ಯಾಪ್ ಎಂದರೆ 2,500 ಸಾಲು.

ಆಮೇಲೆ ಸೋಸುವುದು. ರೀವೈಂಡ್ ಮಾಡಿದ (ಆಟವನ್ನು ಹಿಂದಕ್ಕೆ ಸರಿಸಿ ಮತ್ತೆ ಆಡಿದ) ಭಾಗ, ಗೋಡೆಗೆ ಗುದ್ದಿದ ಭಾಗ, ಟ್ರ್ಯಾಕ್ ಬಿಟ್ಟು ಹುಲ್ಲಿಗಿಳಿದ ಭಾಗ ಬೇರೆ ಇಡಿ. ಆಟೋ ಬ್ರೇಕ್ ಆನ್ ಇದ್ದ ಲ್ಯಾಪ್‌ಗಳ ಬ್ರೇಕ್ ಅಂಕಿಗಳನ್ನು ಪೂರ್ತಿ ಬಿಡಿ, ಏಕೆಂದರೆ ಅಲ್ಲಿ ಬ್ರೇಕ್ ಒತ್ತಿದ್ದು ಗೇಮೇ, ಆಟಗಾರನಲ್ಲ. ಹುಲ್ಲಿಗಿಳಿದ ಭಾಗವನ್ನು ಮಾತ್ರ ಅಳಿಸಬೇಡಿ. ದಾರಿ ತಪ್ಪಿದ ಕಾರು ಮತ್ತೆ ಟ್ರ್ಯಾಕಿಗೆ ಬರುವುದು ಹೇಗೆ ಎಂಬುದು ಬೇರೆಲ್ಲೂ ಸಿಗುವುದಿಲ್ಲ. ಅದು ಇಲ್ಲದಿದ್ದರೆ, ಒಂದಡಿ ಪಕ್ಕಕ್ಕೆ ಸರಿದ ಕಾರಿಗೂ ಮುಂದೇನು ಮಾಡಬೇಕೆಂದು ತೋಚದೆ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

ಹೆಚ್ಚು ಜನ ಎಡವುವುದು ಸರಾಸರಿಯಲ್ಲಿ. ಎದುರಿಗೆ ನಿಧಾನದ ಕಾರೊಂದಿದೆ ಎನ್ನಿ. ಅರ್ಧ ಜನ ಎಡದಿಂದ ದಾಟುತ್ತಾರೆ, ಅರ್ಧ ಜನ ಬಲದಿಂದ. ಎರಡರ ಸರಾಸರಿ ತೆಗೆದರೆ ಕಾರು ನೇರ ಮುಂದಿರುವ ಕಾರಿನ ಹಿಂಬದಿಗೇ ಹೋಗಿ ಬಡಿಯುತ್ತದೆ. ಎಡದವರ ಗುಂಪು, ಬಲದವರ ಗುಂಪು ಬೇರೆ ಮಾಡಿ, ರೇಸ್‌ನಲ್ಲಿ ಒಂದನ್ನು ಆರಿಸಿ, ಆ ಓವರ್‌ಟೇಕ್ ಮುಗಿಯುವವರೆಗೂ ಬದಲಿಸದೆ ಹಿಡಿದಿರಬೇಕು.

ವೇಗವನ್ನು ಆಟಗಾರರಿಂದ ಹಾಗೇ ಎತ್ತಿಕೊಳ್ಳಬೇಡಿ. ಕಾರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗ್ರಿಪ್ (ಟೈರು ರಸ್ತೆಯನ್ನು ಹಿಡಿಯುವ ಘರ್ಷಣೆಯ ಅಂಕಿ) 1.2 ಇರುವ ಕಾರು ಗಂಟೆಗೆ ಸುಮಾರು 87 ಕಿ.ಮೀ. ತಡೆದುಕೊಳ್ಳುತ್ತದೆ, 1.0 ಇದ್ದರೆ 80 ಅಷ್ಟೇ. ಆಟಗಾರನಿಂದ ಪಡೆಯಬೇಕಾದದ್ದು ಶೇಕಡಾವಾರು: ಕಾರಿನ ಮಿತಿಯಲ್ಲಿ ಎಷ್ಟು ಭಾಗ ಬಳಸುತ್ತಾನೆ, ತಿರುವನ್ನು ಬೇಗ ಹಿಡಿಯುತ್ತಾನೋ ತಡವಾಗಿಯೋ, ಲ್ಯಾಪ್‌ನಿಂದ ಲ್ಯಾಪ್‌ಗೆ ಎಷ್ಟು ಹೊಯ್ದಾಡುತ್ತಾನೆ. 200ರಿಂದ 87ಕ್ಕೆ ಇಳಿಯಲು 1 ಜಿ (ಗುರುತ್ವಾಕರ್ಷಣೆಯ ವೇಗೋತ್ಕರ್ಷದಷ್ಟು) ಬ್ರೇಕಿಂಗ್‌ನಲ್ಲಿ ಸುಮಾರು 128 ಮೀಟರ್ ಬೇಕು, ಆ ಬ್ರೇಕಿಂಗ್ ಬಲದ ಶೇ. 90 ಮಾತ್ರ ಬಳಸುವವನು 142 ಮೀಟರ್ ಮುಂಚೆಯೇ ಒತ್ತುತ್ತಾನೆ. ಆ 14 ಮೀಟರೇ ಅವನ ಶೈಲಿ. ಎದುರಾಳಿಯನ್ನು ಸುಲಭ, ಕಷ್ಟ ಮಾಡಬೇಕಾದರೂ ಈ ಶೇಕಡಾವಾರನ್ನೇ ಏರಿಳಿಸಿ. ಎಂಜಿನ್ ಶಕ್ತಿ ಕದ್ದುಮುಚ್ಚಿ ಏರಿಸಿದರೆ ಆಟಗಾರರಿಗೆ ನೇರ ರಸ್ತೆಯಲ್ಲೇ ಗೊತ್ತಾಗುತ್ತದೆ.

ಗುದ್ದಾಟದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಮೊದಲ ತಿರುವಿನಲ್ಲಿ ಬೇರೆ ಕಾರಿಗೆ ಒರಗಿ ತಿರುಗಿಸಿಕೊಳ್ಳುವುದು ಆಟಗಾರರ ಡೇಟಾದಲ್ಲಿ ಧಾರಾಳವಾಗಿ ಸಿಗುತ್ತದೆ, ಎದುರಾಳಿಗಳು ಅದನ್ನೂ ಕಲಿಯುತ್ತವೆ. ಡಿಕ್ಕಿಗೆ ಮೊದಲಿನ 3 ಸೆಕೆಂಡನ್ನು ತರಬೇತಿಯಿಂದ ತೆಗೆದು, ಪಕ್ಕದ ಕಾರಿಗೆ ಒಂದು ಕಾರಿನಗಲ ಜಾಗ ಬಿಡುವ ನಿಯಮವನ್ನು ಕೋಡ್‌ನಲ್ಲೇ ಬರೆಯಿರಿ. ಕಲಿತದ್ದು ಏನೇ ಹೇಳಲಿ, ಈ ನಿಯಮವೇ ಮೇಲು.